ಸಕ್ರೆಬೈಲಿನ ಅಜ್ಜಿ ನಾನಲ್ಲ

ನಾನು ಅಜ್ಜಿಯಾದದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ. ಅದು ನನಗೆ ಗೊತ್ತಾದದ್ದು ಮೂವತ್ತೈದನೆಯ ವಯಸ್ಸಿನಲ್ಲಿ, 2006ರ ಒಂದು ಗುರುವಾರ, ಶಿವಮೊಗ್ಗದ ದುರ್ಗಿಗುಡಿಯ ಸಿ.ಡಿ. ಅಂಗಡಿಯೊಂದರಲ್ಲಿ ನಿಂತುಕೊಂಡಿದ್ದಾಗ.

ಆ ಅಂಗಡಿಯ ವಿಷ್ಣುಪ್ರಸಾದ ಎಂಬ ಹುಡುಗ ತಿಂಗಳಿಗೊಮ್ಮೆ ನಾಲ್ಕು ಪುಟದ ಜೆರಾಕ್ಸ್ ಹಾಳೆಯೊಂದನ್ನು ಹೊರಡಿಸುತ್ತಿದ್ದ. ದೊಡ್ಡ ಕಂಪನಿಗಳ ಹಂಗಿಲ್ಲದೆ ತಮ್ಮಷ್ಟಕ್ಕೆ ತಾವೇ ಹಾಡು ಮಾಡಿಕೊಳ್ಳುವ ರಾಕ್ ಬ್ಯಾಂಡ್‌ಗಳ ಹೊಸ ಆಲ್ಬಮ್ ಯಾವುದು, ಹಳೆಯದರಲ್ಲಿ ಮತ್ತೆ ಬಿಡುಗಡೆಯಾಗಿದ್ದು ಯಾವುದು, ಯಾವುದಕ್ಕೆ ಎಷ್ಟು ನಕ್ಷತ್ರ ಎಂದೆಲ್ಲ ಅದರಲ್ಲಿ ಇರುತ್ತಿತ್ತು. ನಮ್ಮ ಸ್ಕೂಲಿನ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಜೆರಾಕ್ಸ್ ಮಾಡಿಸಲು ಪಕ್ಕದಂಗಡಿಗೆ ಹೋದವಳು ನಾನು, ಗಣಿತದ ಟೀಚರ್. ಕಾಯುವ ಹೊತ್ತಿಗೆ ಏನಾದರೂ ಓದೋಣವೆಂದು ಆ ಹಾಳೆಯನ್ನು ಎತ್ತಿಕೊಂಡೆ. ಮಂಗಳೂರಿನ ಯಾವುದೋ ಬ್ಯಾಂಡಿನ ಹೊಸ ಆಲ್ಬಮ್ಮಿಗೆ ಮೂರು ನಕ್ಷತ್ರ, ದಾವಣಗೆರೆಯ ಹುಡುಗರಿಗೆ ಎರಡೂವರೆ. ಅದರ ಕೆಳಗೆ ನಾಲ್ಕೂವರೆ ನಕ್ಷತ್ರ ಪಡೆದು ನಿಂತಿತ್ತು ‘ಎರಡು ಗಂಟೆ’. ಬ್ಯಾಂಡ್: ‘ಬಿ ಶಿಫ್ಟ್’, ಭದ್ರಾವತಿ. 1993ರ ಅಪರೂಪದ ಕ್ಯಾಸೆಟ್ಟು, ಹದಿಮೂರು ವರ್ಷದ ಮೇಲೆ ಮೊದಲ ಬಾರಿಗೆ ಸಿ.ಡಿ.ಯಲ್ಲಿ, ಹೊರತಂದವನೂ ವಿಷ್ಣುಪ್ರಸಾದನೇ.

ಆ ಸಾಲನ್ನು ಎರಡು ಸಲ ಓದಿದೆ. ಯಾಕೆಂದರೆ ‘ಬಿ ಶಿಫ್ಟ್’ ಎಂದರೆ ಮೂರೇ ಜನ. ಗಿಟಾರಿಗೆ ರೇಣುಕಾಪ್ರಸಾದ್, ಡ್ರಮ್ಮಿಗೆ ಆರೋಗ್ಯಸ್ವಾಮಿ, ಹಾಡು ಬರೆಯುವುದಕ್ಕೂ ಹಾಡುವುದಕ್ಕೂ ನಾನು.

ಮುಂದಕ್ಕೆ ಓದಿದೆ. ‘ಸಕ್ರೆಬೈಲಿನ ಆನೆ ಬಿಡಾರದ ಆಸುಪಾಸಿನಲ್ಲಿದ್ದ ಅನಾಮಿಕ ಅಜ್ಜಿಯೊಬ್ಬರ ಬಾಯಿಂದ ರೇಣುಕಾಪ್ರಸಾದ್ ಅವರು ಸಂಗ್ರಹಿಸಿದ ಜಾನಪದ ಗೀತೆಗಳಿಗೆ ರಾಕ್ ಸಂಗೀತದ ಕಸಿ. ಪ್ರತಿ ಸಾಲಿನಲ್ಲೂ ಮಣ್ಣಿನ ವಾಸನೆ.’

ಮಣ್ಣಿನ ವಾಸನೆಯಂತೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವಳು ನಾನು. ಒಗೆದು ಹರವಿದ ಬಿಳಿ ಬಟ್ಟೆ ಒಣಗುವ ಹೊತ್ತಿಗೆ ಬೂದಿ ಬಣ್ಣಕ್ಕೆ ತಿರುಗುತ್ತಿದ್ದ ಊರು ಅದು. ನಮಗೆ ಗೊತ್ತಿದ್ದದ್ದು ಹೊಗೆಯ ವಾಸನೆ. ಸಕ್ರೆಬೈಲಿಗೆ ನಾನು ಹೋದದ್ದು ಒಂದೇ ಸಲ, ಏಳನೇ ಕ್ಲಾಸಿನ ಪಿಕ್ನಿಕ್ಕಿಗೆ. ಆನೆ ಸ್ನಾನ ನೋಡಿ, ಚಿತ್ರಾನ್ನ ತಿಂದು, ಬಸ್ಸಿನಲ್ಲಿ ವಾಂತಿ ಮಾಡಿಕೊಂಡು ಬಂದಿದ್ದೆ.

ಸಿ.ಡಿ. ಕೊಂಡು ನವುಲೆಯ ಮನೆಗೆ ಬಂದೆ. ಹೊರಗಿನ ಕುರ್ಚಿಯಲ್ಲಿ ಅಪ್ಪಾಜಿ ಪೇಪರ್ ಓದುತ್ತಿದ್ದರು. ಅಮ್ಮ ಹೋದ ಮೇಲೆ ಅವರು ನನ್ನ ಜೊತೆಗೇ ಇದ್ದಾರೆ. ನಾನು ಮದುವೆಯಾಗಲಿಲ್ಲ, ಅದು ಬೇರೆಯೇ ಸಿಟ್ಟಿನ ಕಥೆ, ಇಲ್ಲಿ ಬೇಡ. ಅಪ್ಪಾಜಿಗೆ ಕಿವಿ ಮಂದ, ಆದರೂ ನಾನು ರೂಮಿನ ಬಾಗಿಲು ಹಾಕಿಕೊಂಡೆ. ಹದಿಮೂರು ವರ್ಷದ ಹಳೆಯ ಅಭ್ಯಾಸ, ಕೈ ತಾನೇ ಚಿಲಕಕ್ಕೆ ಹೋಯಿತು.

ಆ ಚಿಲಕದ ಕಥೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ನಮ್ಮಪ್ಪ ಏಕಾಂತಪ್ಪ, ಕಬ್ಬಿಣದ ಕಾರ್ಖಾನೆಯ ಟೈಮ್ ಆಫೀಸಿನಲ್ಲಿದ್ದವರು. ಶಿಫ್ಟ್ ಬದಲಾಗುವಾಗ ಸೈರನ್ ಕೂಗಿಸುವುದು ಅವರ ಕೆಲಸ. ಬೆಳಗಿನ ಆರು, ಮಧ್ಯಾಹ್ನದ ಎರಡು, ರಾತ್ರಿಯ ಹತ್ತು. ಭದ್ರಾವತಿಯಲ್ಲಿ ಗಡಿಯಾರ ಇದ್ದ ಮನೆಯವರೂ ಸೈರನ್ ಕೇಳಿಯೇ ಗಡಿಯಾರಕ್ಕೆ ಕೀ ಕೊಡುತ್ತಿದ್ದರು. ಆ ಕೆಲಸಕ್ಕೆ ಸರದಿಯಲ್ಲಿ ಮೂವರಿದ್ದರೂ ಅಪ್ಪಾಜಿಯ ಸೈರನ್ನೇ ಬೇರೆ. ಲಿಂಗಪ್ಪ ಎಂಬುವರು ಬೀಡಿ ಮುಗಿಸಿಕೊಂಡು ಒಂದು ನಿಮಿಷ ಆಚೆ ಈಚೆ ಸೈರನ್ನಿನ ಹಿಡಿ ಎಳೆಯುತ್ತಿದ್ದರು. ಅಪ್ಪಾಜಿಯದು ಸೆಕೆಂಡಿಗೆ ಸರಿ, ಎಳೆದರೆ ಇಪ್ಪತ್ತೇ ಸೆಕೆಂಡು, ಹತ್ತೊಂಬತ್ತೂ ಇಲ್ಲ, ಇಪ್ಪತ್ತೊಂದೂ ಇಲ್ಲ.

ಅಂಥವರ ಮಗಳು ಹುಡುಗರ ಜೊತೆ ಸೇರಿಕೊಂಡು ಬ್ಯಾಂಡ್ ಕಟ್ಟಿ ಹಾಡುತ್ತಾಳೆಂದರೆ ಕ್ವಾರ್ಟರ್ಸಿನ ಬಾಯಿಗೆ ಅವಲಕ್ಕಿ ಹಾಕಿದ ಹಾಗೆ. ಅದಕ್ಕೇ ನಾನು ಟೈಪಿಂಗ್ ಕ್ಲಾಸಿಗೆ ಹೋಗುತ್ತೇನೆಂದು ಹೇಳಿ ಮನೆ ಬಿಡುತ್ತಿದ್ದೆ. ಒಂದಿಡೀ ವರ್ಷ ಹೋದೆ. ಇವತ್ತಿಗೂ ನನಗೆ ಟೈಪಿಂಗ್ ಬರುವುದಿಲ್ಲ. ಅಪ್ಪಾಜಿ ಮಾತ್ರ ನೆಂಟರಿಷ್ಟರ ಅರ್ಜಿಗಳನ್ನೆಲ್ಲ ತಂದು, ನಮ್ಮ ಜಗದಾಂಬಾ ಟೈಪ್ ಮಾಡಿಕೊಡುತ್ತಾಳೆ ಎನ್ನುತ್ತಿದ್ದರು. ನಾನು ಅವನ್ನು ಕದ್ದುಮುಚ್ಚಿ ಬಸ್ ಸ್ಟ್ಯಾಂಡಿನ ಎದುರಿನ ಟೈಪಿಸ್ಟ್ ಹತ್ತಿರ ಮಾಡಿಸಿ ತರುತ್ತಿದ್ದೆ.

ನಮ್ಮ ಅಭ್ಯಾಸ ನಡೆಯುತ್ತಿದ್ದದ್ದು ನ್ಯೂ ಟೌನಿನ ಒಂದು ಚರ್ಚಿನ ಹಿಂದಿನ ಕೋಣೆಯಲ್ಲಿ. ಆರೋಗ್ಯಸ್ವಾಮಿ ಕಾರ್ಖಾನೆಯಲ್ಲಿ ಬಿ ಶಿಫ್ಟಿನವನು, ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರ ಪಾಳಿ, ಅದರಿಂದಲೇ ಬ್ಯಾಂಡಿಗೆ ಆ ಹೆಸರು. ಚರ್ಚಿನ ಹಾಡಿನ ತಂಡಕ್ಕೆ ಯಾರೋ ದಾನ ಕೊಟ್ಟಿದ್ದ ಒಂದು ರೆಕಾರ್ಡರ್ ಅಲ್ಲಿತ್ತು. ಮಾಮೂಲಿ ಕ್ಯಾಸೆಟ್ಟಿನಲ್ಲೇ ನಾಲ್ಕು ದನಿಗಳನ್ನು ಬೇರೆ ಬೇರೆಯಾಗಿ ಹಿಡಿದಿಟ್ಟು, ಆಮೇಲೆ ಯಾವುದನ್ನು ಏರಿಸಬೇಕೋ ಯಾವುದನ್ನು ಇಳಿಸಬೇಕೋ ನೋಡಿಕೊಂಡು ಬೆರೆಸುವ ಯಂತ್ರ. ನಾವು ಮಾಡಿದ ಆರು ಹಾಡುಗಳಲ್ಲಿ ಕೊನೆಯದು, ನನಗೆ ಎಲ್ಲಕ್ಕಿಂತ ಹತ್ತಿರದ್ದು, ಹೀಗಿತ್ತು:

ಎರಡಕ್ಕೆ ಕೂಗುತ್ತೆ, ಅನ್ನ ಇಳಿಸಬೇಕು
ಹತ್ತಕ್ಕೆ ಕೂಗುತ್ತೆ, ಚಿಲಕ ತೆಗೀಬೇಕು
ಆರಕ್ಕೆ ಕೂಗುತ್ತೆ, ಡಬ್ಬಿ ಕಟ್ಟಬೇಕು
ನನಗಂತ ಕೂಗೋದು ಯಾವತ್ತು, ಹೇಳು

ಇದಾದ ಮೇಲೆ ಇನ್ನೊಂದು ಸಾಲಿದೆ. ನಮ್ಮ ಮನೆಯಲ್ಲಿ ದಿನವೂ ಬೆಳಿಗ್ಗೆ ಲಿಂಗಪೂಜೆಯ ಹೊತ್ತಿಗೆ ಅಪ್ಪಾಜಿ ವಚನ ಹೇಳುತ್ತಿದ್ದರು. ಅಂಕಿತ ಇಲ್ಲದ ವಚನ ವಿಳಾಸ ಬರೆಯದ ಕಾಗದದ ಹಾಗೆ, ಯಾರ ಮನೆಗೆ ಬೇಕಾದರೂ ಹೋಗಿ ಬೀಳುತ್ತದೆ ಎಂದು ಅವರು ನನಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದರು. ಅಂಕಿತ ಹಾಕದೆ ಹಾಡು ಮುಗಿಸಲು ನನಗೆ ಆಗಲಿಲ್ಲ. ಹಾಕಿದರೆ ಕ್ವಾರ್ಟರ್ಸಿಗೆಲ್ಲ ಕೇಳುತ್ತದೆ. ಅದಕ್ಕೆ ನಾನೇ ಒಂದು ಉಪಾಯ ಹುಡುಕಿದೆ. ಒಂದು ಐವತ್ತಾರಕ್ಕೆ ಹಾಡು ಶುರು ಮಾಡಿದರೆ ನಾಲ್ಕು ನಿಮಿಷಕ್ಕೆ ಸರಿಯಾಗಿ ಸೈರನ್ ಕೂಗುತ್ತದೆ. ನನ್ನ ಅಂಕಿತ ಆ ಸೈರನ್ ಅಡಿಯಲ್ಲಿ ಬರಬೇಕು. ಹಾಡಿದ ಹಾಗೂ ಆಯಿತು, ಯಾರಿಗೂ ಕೇಳದ ಹಾಗೂ ಆಯಿತು.

ಇದಕ್ಕೆ ಅಪ್ಪಾಜಿಯ ಸೈರನ್ನೇ ಬೇಕಿತ್ತು. ಲಿಂಗಪ್ಪನವರ ಬೀಡಿ ನಂಬಿಕೊಂಡು ಹಾಡಲಾಗುತ್ತಿರಲಿಲ್ಲ. ಅಪ್ಪಾಜಿಗೆ ಎ ಶಿಫ್ಟ್, ಅಂದರೆ ಬೆಳಗಿನ ಆರರಿಂದ ಎರಡರ ಪಾಳಿ, ಇದ್ದ ವಾರ ಹಿಡಿದು, ಆರೋಗ್ಯಸ್ವಾಮಿಗೆ ರಜ ಹಾಕಿಸಿ ಕೂತೆವು. ದಿನಕ್ಕೆ ಒಂದೇ ಸಲ ಅವಕಾಶ. ಸೋಮವಾರ ರೇಣುಕಾಪ್ರಸಾದನ ತಂತಿ ಕಿತ್ತುಹೋಯಿತು. ಮಂಗಳವಾರ ಹಾಡು ಓಡಿ, ಸೈರನ್ನಿಗೆ ಮೊದಲೇ ಮುಗಿದು, ಮೂವರೂ ಮಿಕ ಮಿಕ ನೋಡುತ್ತ ನಿಂತೆವು. ಆಮೇಲೆ ಎರಡು ದಿನ ಕರೆಂಟೇ ಇಲ್ಲ. ಶುಕ್ರವಾರ ನನಗೆ ನಗು ಬಂತು. ಶನಿವಾರ ಕಿಟಕಿ ತೆಗೆದು, ಒಂದು ಮೈಕನ್ನು ಕಾರ್ಖಾನೆಯ ಕಡೆಗೆ ತಿರುಗಿಸಿಟ್ಟು ಹಾಡಿದೆವು. ‘ಹೇಳು’ವಿನ ಕೊನೆಯ ಅಕ್ಷರ ಬಾಯಲ್ಲಿರುವಾಗ ನಮ್ಮಪ್ಪ ಹಿಡಿ ಎಳೆದರು, ಅಂಕಿತ ಸೈರನ್ನಿನ ಅಡಿಗೆ ಸೇರಿತು. ಸೈರನ್ನನ್ನು ಬೇರೆಯಾಗಿ ಹಿಡಿದು ಆಮೇಲೆ ಸೇರಿಸಬಹುದಿತ್ತಲ್ಲ ಎಂದು ಈಗಿನವರು ಕೇಳುತ್ತಾರೆ. ಸೇರಿಸಬಹುದಿತ್ತು. ಹೊಳೆಯಲಿಲ್ಲ.

ಇನ್ನೂರು ಕ್ಯಾಸೆಟ್ ಮಾಡಿಸಿದೆವು. ಕವರಿನ ಮೇಲೆ ನನ್ನ ಹೆಸರು ಬೇಡ ಎಂದು ನಾನೇ ಹೇಳಿದೆ. ‘ಸಾಹಿತ್ಯ: ಸಂಗ್ರಹ’ ಎಂದು ಹಾಕಲು ಹೇಳಿದವಳೂ ನಾನೇ. ಅದೊಂದು ತಪ್ಪು ನನ್ನದು. ಒಪ್ಪಿಕೊಂಡೇ ಜಗಳಕ್ಕೆ ನಿಂತಿದ್ದೇನೆ.

ಈಗ ಆ ಸಿ.ಡಿ. ಹಾಕಿದೆ. ಐದು ಹಾಡು ಚೆನ್ನಾಗಿಯೇ ಇದ್ದವು. ಆರನೆಯದು ಬಂತು. ‘ಯಾವತ್ತು, ಹೇಳು’ ಎಂದು ನನ್ನ ಇಪ್ಪತ್ತೆರಡು ವರ್ಷದ ಗಂಟಲು ಕೇಳಿತು. ಅಷ್ಟೇ. ಗಿಟಾರಿನ ಒಂದು ಸಣ್ಣ ಝೇಂಕಾರ, ಆಮೇಲೆ ಏನೂ ಇಲ್ಲ. ಸೈರನ್ ಇಲ್ಲ. ಸೈರನ್ ಜೊತೆಗೆ ನನ್ನ ಅಂಕಿತವೂ ಇಲ್ಲ. ಇಪ್ಪತ್ತು ಸೆಕೆಂಡನ್ನು ಕತ್ತರಿಸಿ ಎಸೆದಿದ್ದರು.

ಸಿ.ಡಿ. ಜೊತೆಗಿದ್ದ ಪುಸ್ತಿಕೆಯಲ್ಲಿ ರೇಣುಕಾಪ್ರಸಾದ್ ಈ ಹಾಡಿಗೆ ವಿವರಣೆ ಬರೆದಿದ್ದ. ಎರಡಕ್ಕೆ ಕೂಗುವುದು ಬಿಡಾರದ ಆನೆಯಂತೆ. ಡಬ್ಬಿ ಎಂದರೆ ಮಾವುತನಿಗೆ ಅಜ್ಜಿ ಕಟ್ಟಿಕೊಡುತ್ತಿದ್ದ ಬುತ್ತಿಯಂತೆ. ಸೈರನ್ ಕಿತ್ತ ಮೇಲೆ ಏನು ಬೇಕಾದರೂ ಹೇಳಬಹುದಲ್ಲ. ಕೈಗಡಿಯಾರ ಕಟ್ಟಿಕೊಂಡು ಸರಿಯಾಗಿ ಎರಡಕ್ಕೆ ಕೂಗುವ ಆನೆಯನ್ನು ನಾನಂತೂ ನೋಡಿಲ್ಲ. ನೋಡಿದವರಿದ್ದರೆ ನಮ್ಮ ಸ್ಕೂಲಿಗೆ ಕಳಿಸಿಕೊಡಲಿ, ಬೆಲ್ ಹೊಡೆಯಲು ಜನ ಇಲ್ಲ. ನಾನು ಆ ಪುಸ್ತಿಕೆಯನ್ನು ಗೋಡೆಗೆ ಎಸೆದೆ. ಎಸೆದು ಮತ್ತೆ ತಂದು ಓದಿದೆ. ಎರಡನೇ ಸಲ ಇನ್ನೂ ಸಿಟ್ಟು ಬಂತು.

ಮರುದಿನ ಸ್ಕೂಲಿನಿಂದ ಸೀದಾ ವಿಷ್ಣುಪ್ರಸಾದನ ಅಂಗಡಿಗೆ ಹೋದೆ. ಹುಡುಗ ಕೆಟ್ಟವನಲ್ಲ, ಅದೇ ತೊಂದರೆ. ಕೆಟ್ಟವನಾಗಿದ್ದರೆ ಬೈಯಲು ಸುಲಭವಾಗುತ್ತಿತ್ತು. ಸ್ಟೂಲ್ ಹಾಕಿ ಕೂರಿಸಿದ. ಹಳೆಯ ಕ್ಯಾಸೆಟ್ ಕವರನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ, ಅದನ್ನು ತೋರಿಸಿದ. ‘ಸಂಗ್ರಹ’ ಎಂದು ಅದರಲ್ಲೇ ಇದೆ, ಉಳಿದದ್ದನ್ನು ರೇಣುಕಾಪ್ರಸಾದ್ ಸರ್ ಕೈಯಾರೆ ಬರೆದುಕೊಟ್ಟಿದ್ದಾರೆ, ನಾನು ಯಾಕೆ ಅನುಮಾನಪಡಲಿ ಎಂದ. ಸೈರನ್ ಯಾಕೆ ತೆಗೆದೆ ಎಂದು ಕೇಳಿದೆ. ಕಿಟಕಿ ಹಾಕಲು ಮರೆತು ಗದ್ದಲ ಸೇರಿಕೊಂಡಿದೆ ಅಂದುಕೊಂಡೆ, ಕಂಪ್ಯೂಟರಿನಲ್ಲಿ ಎಷ್ಟು ತೊಳೆದರೂ ಹೋಗಲಿಲ್ಲ, ಕೊನೆಗೆ ಕತ್ತರಿಸಿದೆ ಎಂದ. ಹೇಳುವಾಗ ಅವನ ಮುಖದಲ್ಲಿ ಒಳ್ಳೆಯ ಕೆಲಸ ಮಾಡಿದ ತೃಪ್ತಿ ಇತ್ತು.

“ಆ ಗದ್ದಲ ಹಿಡಿಯೋಕೆ ನಾವು ಆರು ದಿನ ಕಾದಿದೀವಿ,” ಎಂದೆ.

ಅವನು ತುಂಬ ಮರ್ಯಾದೆಯಿಂದಲೇ ಹೇಳಿದ: “ಮೇಡಂ, ನೀವು ಹೇಳಿದ್ದನ್ನ ನಂಬ್ತೀನಿ. ಆದ್ರೆ ನಂಬಿದ್ದನ್ನ ಪ್ರಿಂಟ್ ಮಾಡಕ್ಕಾಗಲ್ಲ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಬಿಡುಗಡೆ ಕಾರ್ಯಕ್ರಮ. ಅಷ್ಟರೊಳಗೆ ಏನಾದ್ರೂ ಒಂದು ಆಧಾರ ತಂದ್ಕೊಡಿ.”

ಆಧಾರ. ನನ್ನ ಗಂಟಲು ನನ್ನದೇ ಎನ್ನುವುದಕ್ಕೆ ಆಧಾರ ಬೇಕಂತೆ. ಅಜ್ಜಿಗೆ ಮಾತ್ರ ಯಾವ ಆಧಾರವೂ ಬೇಕಾಗಿರಲಿಲ್ಲ. ಅವಳಿಗೆ ಹೆಸರಿಲ್ಲ, ಊರಿನ ಗುರುತಿಲ್ಲ, ಅವಳನ್ನು ಕಂಡವರು ಯಾರೂ ಇಲ್ಲ, ಆದರೂ ಅವಳನ್ನು ಎಲ್ಲರೂ ನಂಬಿದ್ದರು.

ಶನಿವಾರ ವಿನೋಬನಗರಕ್ಕೆ, ರೇಣುಕಾಪ್ರಸಾದನ ಮನೆಗೆ ಹೋದೆ. ಗಿಟಾರಿಗಾಗಿ ಅಪ್ಪನ ಸೈಕಲ್ ಮಾರಿದ್ದ ಹುಡುಗ ಈಗ ಖಾದಿ ಜುಬ್ಬಾ ಹಾಕಿಕೊಂಡು ಊರೂರಿನಲ್ಲಿ ಜಾನಪದದ ಮೇಲೆ ಭಾಷಣ ಮಾಡುವ ಲೆಕ್ಚರರ್. ಹದಿಮೂರು ವರ್ಷದಿಂದ ಎದುರು ಸಿಕ್ಕಾಗೆಲ್ಲ ಚೆನ್ನಾಗಿದೀಯಾ ಎಂದು ಕೇಳುತ್ತಿದ್ದವನು. ಪುಸ್ತಿಕೆಯನ್ನು ಅವನ ಟೀಪಾಯಿಯ ಮೇಲಿಟ್ಟು, ಇದೇನು ಎಂದೆ.

“ನೀನೇ ಅಲ್ವಾ ಮಾರಾಯ್ತಿ, ಹೆಸರು ಬೇಡ ಅಂದೋಳು?” ಎಂದು ಅವನು ನಕ್ಕ.

“ಹೆಸರು ಬೇಡ ಅಂದೆ. ಅಜ್ಜಿ ಬೇಕು ಅಂದಿದ್ನಾ?”

ಅವನು ಸಮಾಧಾನವಾಗಿ ವಿವರಿಸಿದ. ಫ್ಯಾಕ್ಟರಿ ಹುಡುಗಿ ಬರೆದ ಹಾಡು ಎಂದರೆ ಯಾರೂ ತಿರುಗಿ ನೋಡುವುದಿಲ್ಲ, ಜಾನಪದ ಎಂದರೆ ಅದಕ್ಕೊಂದು ತೂಕ ಬರುತ್ತದೆ. ಹಾಡು ಉಳಿಯಿತಲ್ಲ, ಅದು ಮುಖ್ಯ. ಹೆಸರಿನಲ್ಲೇನಿದೆ. ಹೆಸರಿನಲ್ಲಿ ಏನೂ ಇಲ್ಲದಿದ್ದರೆ ‘ಸಂಗ್ರಹ: ರೇಣುಕಾಪ್ರಸಾದ್’ ಎಂದು ಅಷ್ಟು ದಪ್ಪ ಅಕ್ಷರದಲ್ಲಿ ಯಾಕೆ ಹಾಕಿಸಿಕೊಂಡಿದ್ದೀಯ ಎಂದು ಕೇಳಿದೆ. ಅವನ ನಗು ಸ್ವಲ್ಪ ಸಣ್ಣದಾಯಿತು. ಕಾಫಿ ಲೋಟವನ್ನು ನನ್ನ ಕಡೆಗೆ ಸರಿಸಿ, ಬಹಳ ಕಾಳಜಿ ಇರುವವನ ಹಾಗೆ ಕೇಳಿದ:

“ಏಕಾಂತಪ್ಪೋರು ಹೇಗಿದಾರೆ? ಟೈಪಿಂಗ್ ಕ್ಲಾಸಿನ ವಿಷ್ಯ ಅವರಿಗೆ ಗೊತ್ತಾ?”

ಕಾಫಿ ಮುಟ್ಟದೆ ಎದ್ದು ಬಂದೆ. ಬಸ್ಸಿಗೂ ಕಾಯದೆ ಮನೆಯ ತನಕ ನಡೆದೇ ಹೋದೆ. ಹೆದರಿಕೆಯಿಂದಲ್ಲ, ಅವನು ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದ ಎನ್ನುವ ಸಿಟ್ಟಿನಿಂದ. ನಿಜವಾದ ಆಧಾರ ಒಂದೇ ಇತ್ತು, ಆ ನಾಲ್ಕು ದನಿಯ ಮೂಲ ಟೇಪು. ಅದರಲ್ಲಿ ಸೈರನ್ ಒಂದು ಕಡೆ, ನನ್ನ ದನಿ ಇನ್ನೊಂದು ಕಡೆ ಇದೆ. ಸೈರನ್ನನ್ನು ಪೂರ್ತಿ ಇಳಿಸಿದರೆ ಅಂಕಿತ ಕೇಳುತ್ತದೆ. ಆದರೆ ಆ ಅಂಕಿತ ಏನು? ‘ಅಂತಾಳೆ ಏಕಾಂತಪ್ಪನ ಮಗಳು.’ ಅದನ್ನು ಊರಿಗೆ ಕೇಳಿಸಬೇಕಾದರೆ ಮೊದಲು ಏಕಾಂತಪ್ಪನಿಗೆ ಕೇಳಿಸಬೇಕು. ಹಾಡು ನನ್ನದಾಗಬೇಕಾದರೆ ಅಪ್ಪಾಜಿಯ ಮುಂದೆ ಒಂದು ವರ್ಷದ ಸುಳ್ಳು, ಅದರ ಮೇಲೆ ಹದಿಮೂರು ವರ್ಷದ ಮೌನ, ಎರಡನ್ನೂ ಬಿಚ್ಚಿಡಬೇಕು. ಬಿಚ್ಚಿಡದಿದ್ದರೆ ನಾನು ಸಾಯುವ ತನಕ ಸಕ್ರೆಬೈಲಿನ ಅಜ್ಜಿಯೇ.

ಎರಡು ದಿನ ಯೋಚಿಸಿ ಆರೋಗ್ಯಸ್ವಾಮಿಗೆ ಫೋನ್ ಮಾಡಿದೆ. ಕಾರ್ಖಾನೆಯಿಂದ ವಿ.ಆರ್.ಎಸ್. ತಗೊಂಡು ಅವನು ಈಗ ಅದೇ ಚರ್ಚಿನ ಮಕ್ಕಳಿಗೆ ಡ್ರಮ್ ಕಲಿಸುತ್ತಿದ್ದಾನೆ. ಟೇಪು ತನ್ನ ಹತ್ತಿರವೇ ಇದೆ, ಯಂತ್ರವೂ ಬದುಕಿದೆ, ಒಂದು ಬೆಲ್ಟ್ ಮಾತ್ರ ಬದಲಾಯಿಸಿದ್ದೇನೆ ಎಂದ. ಅಜ್ಜಿಯ ವಿಷಯ ಹೇಳಿದಾಗ ಅತ್ತ ಕಡೆಯಿಂದ ತಮಿಳಿನಲ್ಲಿ ಏನೋ ಬಂತು. ಅದನ್ನು ಚರ್ಚಿನೊಳಗೆ ಹೇಳುವ ಹಾಗಿಲ್ಲ ಎನ್ನುವಷ್ಟು ನನಗೂ ಅರ್ಥವಾಯಿತು.

ಬುಧವಾರ ರಜ ಹಾಕಿ, ಭದ್ರಾವತಿಗೆ ಹೋಗಿಬರೋಣ ಬನ್ನಿ ಎಂದು ಅಪ್ಪಾಜಿಯನ್ನು ಹೊರಡಿಸಿದೆ. ಯಾಕೆ ಎಂದು ಕೇಳಿದರು. ಅಲ್ಲಿ ಹೇಳುತ್ತೇನೆ ಎಂದೆ. ಬಸ್ಸು ಹತ್ತಿದೆವು. ಎಪ್ಪತ್ತು ವರ್ಷದ ಅಪ್ಪನ ಪಕ್ಕದಲ್ಲಿ ಮೂವತ್ತೈದು ವರ್ಷದ ಟೀಚರು ನಾನು, ಪ್ರೋಗ್ರೆಸ್ ಕಾರ್ಡ್ ಬಚ್ಚಿಟ್ಟುಕೊಂಡ ಹುಡುಗಿಯ ಹಾಗೆ ಕೂತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಚರ್ಚಿನ ಹಿಂದಿನ ಕೋಣೆ ಹಾಗೇ ಇತ್ತು. ಆರೋಗ್ಯಸ್ವಾಮಿ ಅಪ್ಪಾಜಿಗೆ ಕೈಮುಗಿದು ಕುರ್ಚಿ ಕೊಟ್ಟ. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಕೂತರೆ ಹೇಳಲಾಗುವುದಿಲ್ಲ ಎನಿಸಿತ್ತು. ಟೈಪಿಂಗ್ ಕ್ಲಾಸಿಗೆ ಹೋಗಲಿಲ್ಲ, ಇಲ್ಲಿಗೆ ಬರುತ್ತಿದ್ದೆ, ಈ ಹಾಡು ಬರೆದೆ, ಹಾಡಿದೆ. ಅವರಿಗೆ ಕೇಳಲೆಂದು ಜೋರಾಗಿ ಹೇಳಬೇಕಾಗಿತ್ತು. ಗುಟ್ಟನ್ನು ಕೂಗಿ ಹೇಳುವ ಹಿಂಸೆ ಯಾರಿಗೂ ಬೇಡ.

ಅಪ್ಪಾಜಿ ಕೇಳಿಸಿಕೊಂಡರು. ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು.

“ಆ ಕ್ಯಾಸೆಟ್ ನನ್ನ ಟ್ರಂಕಿನಲ್ಲಿದೆ,” ಎಂದರು.

ನನಗೆ ಅರ್ಥವಾಗಲಿಲ್ಲ. ಅವರು ನಿಧಾನವಾಗಿ ಹೇಳುತ್ತ ಹೋದರು. ಆಗಲೇ, ತೊಂಬತ್ತಮೂರರಲ್ಲೇ, ಲಿಂಗಪ್ಪನವರು ಒಂದು ಕ್ಯಾಸೆಟ್ ತಂದು, ನಮ್ಮ ಸೈರನ್ ಹಾಡಿನೊಳಗೆ ಬಂದಿದೆ ಕೇಳ್ರಿ ಎಂದು ಟೈಮ್ ಆಫೀಸಿನವರನ್ನೆಲ್ಲ ಸೇರಿಸಿದ್ದರಂತೆ. ಸೈರನ್ ಕೂಗಿದಾಗ ಅಪ್ಪಾಜಿ ಗಡಿಯಾರ ನೋಡಿಕೊಂಡರಂತೆ. ಇಪ್ಪತ್ತು ಸೆಕೆಂಡು. ಹಾಗಾದರೆ ಇದು ತನ್ನದೇ. ಕ್ಯಾಸೆಟ್ಟನ್ನು ಲಿಂಗಪ್ಪನವರಿಂದ ಇಸಿದುಕೊಂಡು ಇಟ್ಟುಕೊಂಡರಂತೆ.

“ಹಾಡ್ತಿರೋದು ನೀನು ಅಂತ ಮೊದಲನೇ ಸಾಲಿಗೇ ಗೊತ್ತಾಯ್ತು,” ಎಂದರು. “ಟೈಪಿಂಗ್ ಬರಲ್ಲ ಅಂತಾನೂ ಗೊತ್ತಿತ್ತು. ಅರ್ಜಿ ಎಲ್ಲಾ ಬಸ್ ಸ್ಟ್ಯಾಂಡ್ ಟೈಪಿಸ್ಟಿನ ಮಿಶಿನ್ನಿಂದೇ. ಅವನ ಮಿಶಿನ್ನಲ್ಲಿ ಒಂದಕ್ಷರ ಯಾವಾಗ್ಲೂ ಮೇಲಕ್ಕೆ ಹಾರ್ತಿತ್ತು.”

ಹಾಗಾದರೆ ಯಾಕೆ ಕೇಳಲಿಲ್ಲ, ಹದಿಮೂರು ವರ್ಷ ಯಾಕೆ ಒಂದು ಮಾತೂ ಕೇಳಲಿಲ್ಲ ಎಂದು ದನಿ ಏರಿಸಿದೆ. ನಿಜಕ್ಕೂ ಸಿಟ್ಟು ಬಂದಿತ್ತು. ನನ್ನ ಹೆದರಿಕೆಯೆಲ್ಲ ದಂಡವಾಗಿತ್ತು.

ಅಪ್ಪಾಜಿಗೂ ಸಿಟ್ಟು ಬಂತು. ಅವರ ದನಿ ಆ ಕೋಣೆಗೆ ದೊಡ್ಡದಾಯಿತು. “ನಾನು ಕೊನೇ ಸಾಲಿಗೆ ಕಾಯ್ತಿದ್ದೆ. ಅಂಕಿತ ಬರುತ್ತೆ ಅಂತ. ಅಷ್ಟು ಹೇಳಿಕೊಟ್ಟಿದ್ನಲ್ಲ. ಬರಲೇ ಇಲ್ಲ. ತನ್ನದು ಅಂತ ಹೇಳ್ಕೊಳ್ಳೋಕೆ ಇಷ್ಟ ಇಲ್ಲದೋಳನ್ನ ನಾನು ಏನಂತ ಕೇಳ್ಲಿ?”

ಆರೋಗ್ಯಸ್ವಾಮಿ ನನ್ನ ಮುಖ ನೋಡಿದ. ನಾನು ಟೇಪು ಹಾಕು ಎಂದೆ. ಚರ್ಚಿನ ದೊಡ್ಡ ಹೆಡ್‌ಫೋನನ್ನು ಅಪ್ಪಾಜಿಯ ಕಿವಿಗೆ, ವಿಭೂತಿ ಅಳಿಯದ ಹಾಗೆ, ಹುಷಾರಾಗಿ ಇಟ್ಟೆ. ಡ್ರಮ್, ಗಿಟಾರು, ಸೈರನ್ ಮೂರರ ಗುಂಡಿಯನ್ನೂ ಆರೋಗ್ಯಸ್ವಾಮಿ ಪೂರ್ತಿ ಕೆಳಕ್ಕೆಳೆದು, ನನ್ನ ದನಿಯದೊಂದನ್ನು ಮಾತ್ರ ಮೇಲಕ್ಕೆ ತಂದ. ನನಗೆ ಏನೂ ಕೇಳುತ್ತಿರಲಿಲ್ಲ. ಅಪ್ಪಾಜಿಯ ಮುಖ ನೋಡುತ್ತ, ಮನಸ್ಸಿನಲ್ಲೇ ಹಾಡು ಲೆಕ್ಕ ಹಾಕುತ್ತ ನಿಂತೆ. ಅನ್ನ ಇಳಿಸಿದೆ, ಚಿಲಕ ತೆಗೆದೆ, ಡಬ್ಬಿ ಕಟ್ಟಿದೆ. ಯಾವತ್ತು, ಹೇಳು. ಅಪ್ಪಾಜಿ ತಲೆ ಬಗ್ಗಿಸಿದರು. ದೂರದಲ್ಲಿ ಕೂಗಿದ ಹಾಗೆ ಸೈರನ್ ಸ್ವಲ್ಪ ಸೋರಿಕೊಂಡಿದ್ದೀತು, ಅದರ ಜೊತೆಗೆ ತಮ್ಮ ಹೆಸರು ಅವರಿಗೆ ಕೇಳಿತು. ಅವರ ಕಣ್ಣು ತುಂಬಿದ್ದನ್ನು ನಾನು ಕಂಡೆ.

ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ನನ್ನ ಸೈರನ್ ಕೆಳಗೇ ಇತ್ತಾ ಎಂದು ತಮ್ಮಷ್ಟಕ್ಕೆ ಒಮ್ಮೆ ಹೇಳಿಕೊಂಡರು. ನಾನು ಹತ್ತಿರ ಹೋದೆ. ಈಗ ತಲೆ ಸವರುತ್ತಾರೆ ಎಂದುಕೊಂಡೆ.

“ಇದೇನು ಅಂಕಿತ?” ಎಂದರು. “ಇದು ನನ್ನ ಹೆಸರು. ನಿನಗೆ ಹೆಸರಿಲ್ವಾ?”

ಒಂದು ವಾರದಿಂದ ನನ್ನ ಹೆಸರು ಕದ್ದರು, ನನ್ನ ಹೆಸರು ಕತ್ತರಿಸಿದರು ಎಂದು ಕುದಿಯುತ್ತಿದ್ದವಳು ನಾನು. ಆ ಟೇಪಿನಲ್ಲಿ ನನ್ನ ಹೆಸರು ಮೊದಲಿಂದಲೂ ಇರಲಿಲ್ಲ. ಊರಿಗೆಲ್ಲ ಗೊತ್ತಿದ್ದ ಅಪ್ಪನ ಹೆಸರಿನ ಕೆಳಗೆ ನಾನು ಬರೀ ಮಗಳಾಗಿ ಅಡಗಿ ಕೂತಿದ್ದೆ, ಅದನ್ನೂ ಸೈರನ್ನಿನಿಂದ ಮುಚ್ಚಿದ್ದೆ. ರೇಣುಕಾಪ್ರಸಾದನ ಮೇಲಿನ ಸಿಟ್ಟು ಇದರಿಂದ ಒಂದು ಚೂರೂ ಕಡಿಮೆಯಾಗಲಿಲ್ಲ. ಆದರೆ ಅದರಲ್ಲಿ ಒಂದು ಪಾಲು ನನ್ನ ಕಡೆಗೂ ತಿರುಗಿತು.

ಶನಿವಾರ ಆರೋಗ್ಯಸ್ವಾಮಿ ಯಂತ್ರವನ್ನೇ ಹೊತ್ತುಕೊಂಡು ದುರ್ಗಿಗುಡಿಗೆ ಬಂದ. ವಿಷ್ಣುಪ್ರಸಾದ ಮೂರು ಸಲ ಕೇಳಿದ. ಮೂರನೆಯ ಸಲ ಮುಗಿದಾಗ, ಗದ್ದಲ ಅಂದುಕೊಂಡು ಹಾಡಿನ ತಲೆಯನ್ನೇ ಕತ್ತರಿಸಿದೆನಲ್ಲ ಮೇಡಂ ಎಂದ. ಹೊಸದಾಗಿ ಅಚ್ಚು ಹಾಕಿಸುತ್ತೇನೆ, ಪುಸ್ತಿಕೆ ಬದಲಾಯಿಸುತ್ತೇನೆ, ನಾಳೆ ಕಾರ್ಯಕ್ರಮದಲ್ಲಿ ನೀವೇ ಹಾಡಬೇಕು ಎಂದ. ರೇಣುಕಾಪ್ರಸಾದನಿಗೆ ಮೊದಲೇ ಹೇಳಬೇಕೇ ಎಂದು ಕೇಳಿದ. ಹೇಳು, ನಾನು ಯಾರನ್ನೂ ಕದ್ದು ಹಿಡಿಯುವುದಿಲ್ಲ ಎಂದೆ. ಹೇಳಿದನಂತೆ. ಆದರೂ ರೇಣುಕಾಪ್ರಸಾದ್ ಬಂದ, ಜುಬ್ಬಾ ಹಾಕಿಕೊಂಡು ಗಿಟಾರ್ ಹಿಡಿದು ಬಂದ. ನಾನು ಅಪ್ಪನ ಎದುರು ಬಾಯಿ ಬಿಡಲಾರೆ ಎಂದು ಅವನು ಲೆಕ್ಕ ಹಾಕಿದ್ದಿರಬೇಕು.

ನೆಹರೂ ರಸ್ತೆಯ ಆ ಸಣ್ಣ ಸಭಾಂಗಣದಲ್ಲಿ ನೂರು ಜನ ಇದ್ದಿರಬಹುದು. ಹೆಚ್ಚಿನವರು ಹೊಸ ಬ್ಯಾಂಡುಗಳ ಹುಡುಗ ಹುಡುಗಿಯರು, ಕಪ್ಪು ಟೀ ಶರ್ಟಿನವರು. ಮೊದಲ ಸಾಲಿನಲ್ಲಿ ಬಿಳಿ ಪಂಚೆ, ವಿಭೂತಿಯ ಅಪ್ಪಾಜಿ ಒಬ್ಬರೇ ಬೇರೆಯಾಗಿ ಕಾಣುತ್ತಿದ್ದರು. ಮೈಕ್ ಸಿಕ್ಕ ಕೂಡಲೇ ರೇಣುಕಾಪ್ರಸಾದ್ ಸಕ್ರೆಬೈಲಿನ ಕಾಡಿನ ಬಗ್ಗೆ ಶುರು ಮಾಡಿದ. ಎರಡು ವಾಕ್ಯ ಆಗುವಷ್ಟರಲ್ಲಿ ಅಪ್ಪಾಜಿ ಎದ್ದು ನಿಂತರು.

“ಅಲ್ಲಿ ಅಜ್ಜಿ ಯಾರೂ ಇಲ್ಲಪ್ಪ,” ಎಂದರು. ಕಿವಿ ಮಂದವಾದವರ ದನಿ, ಹಿಂದಿನ ಸಾಲಿನವರಿಗೂ ಕೇಳಿತು. “ಎರಡು ಗಂಟೆಗೆ ಕೂಗಿಸ್ತಾ ಇದ್ದೋನು ನಾನು. ನೀನು ಗಿಟಾರ್ ಬಾರಿಸು.”

ಯಾರೋ ಹುಡುಗಿ ನಕ್ಕಳು, ಆಮೇಲೆ ಇಡೀ ಸಭಾಂಗಣ ನಕ್ಕಿತು. ರೇಣುಕಾಪ್ರಸಾದನ ಮುಖ ಕೆಂಪಾಯಿತು. ನಾನು ಮೇಲೆ ಹತ್ತಿದೆ. ಆರೋಗ್ಯಸ್ವಾಮಿ 1993ರ ಹಾಗೆಯೇ ಕೋಲು ಬಡಿದು ನಾಲ್ಕು ಎಣಿಸಿದ. ಹಾಡಿದೆ. ಗಂಟಲು ಮೊದಲಿನಂತಿಲ್ಲ, ಮೂವತ್ತೈದು ಮಕ್ಕಳ ತರಗತಿಗೆ ಹನ್ನೊಂದು ವರ್ಷ ಕೂಗಿದ ಗಂಟಲು. ಆದರೆ ಆ ಹಾಡಿಗೆ ಈ ಗಂಟಲೇ ಸರಿ ಎನಿಸಿತು. ಮೂರನೆಯ ಸಾಲಿಗೆ ರೇಣುಕಾಪ್ರಸಾದನ ಬೆರಳು ನಿಂತಿತು. ಡ್ರಮ್ ನಿಲ್ಲಲಿಲ್ಲ.

ನನಗಂತ ಕೂಗೋದು ಯಾವತ್ತು, ಹೇಳು.

ಇಲ್ಲಿ ಏನು ಮಾಡಬೇಕೆಂದು ನಾವು ಮಾತಾಡಿಕೊಂಡಿರಲಿಲ್ಲ. ಸೈರನ್ ಇರಲಿಲ್ಲ. ಆರೋಗ್ಯಸ್ವಾಮಿ ಕೋಲು ಎತ್ತಿ ಹಿಡಿದ, ಇಡೀ ಸಭಾಂಗಣ ಸುಮ್ಮನಾಯಿತು. ಮುಂದಿನ ಸಾಲಿನಲ್ಲಿ ನಿಂತೇ ಇದ್ದ ಅಪ್ಪಾಜಿ ಬಲಗೈಯನ್ನು ಮೇಲಕ್ಕೆತ್ತಿ ಗಾಳಿಯಲ್ಲಿ ಏನನ್ನೋ ಹಿಡಿದು ಕೆಳಕ್ಕೆ ಎಳೆದರು. ಎಡಗೈಯ ಗಡಿಯಾರ ನೋಡುತ್ತ ಹಾಗೇ ಹಿಡಿದುಕೊಂಡರು. ನಾನು ಎಣಿಸಿದೆ. ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಅಪ್ಪಾಜಿ ಕೈ ಬಿಟ್ಟು, ತಲೆ ಎತ್ತಿ ನನ್ನನ್ನು ನೋಡಿದರು.

ಅಂತೀನಿ ನಾನು, ಜಗದಾಂಬಾ, ಕೇಳು.